ಪಿಯುಸಿ, ರೇಷ್ಮೆಹುಳು, ಪೋರ್ಟ್‌ಫೋಲಿಯೊ: ಒಂದು ಪ್ರಕರಣ

ಹೈಸ್ಕೂಲು ಚಿತ್ರಕಲಾ ಶಿಕ್ಷಕರು, ಪಿಯುಸಿ ಓದುತ್ತಲೇ ಕಲಾ ಕಾಲೇಜಿನ ಮೇಲೆ ಕಣ್ಣಿಟ್ಟ ಮಕ್ಕಳು, ಅವರ ಮನೆಯವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹುಡುಗಿಯ ಹೆಸರು, ಊರು, ಅವಳು ಸೇರಿದ ಕಾಲೇಜು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಯಾವಾಗ ಏನನ್ನು ಕೈಬಿಟ್ಟೆವು, ಏನನ್ನು ಉಳಿಸಿಕೊಂಡೆವು ಎಂಬುದು ಮಾತ್ರ ನಡೆದ ಹಾಗೇ ಇದೆ. ಬರೆದದ್ದನ್ನು ಹುಡುಗಿಯೂ ಅವಳ ತಂದೆಯೂ ಓದಿದ್ದಾರೆ.

ಹಿನ್ನೆಲೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಒಯ್ಯುವ ಮನೆ. ಸ್ವಲ್ಪ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ಶೀಟಿನ ಹುಳುಮನೆ, ವರ್ಷಕ್ಕೆ ಐದಾರು ಬೆಳೆ. ಅಪ್ಪ, ಅಮ್ಮ, ಅಜ್ಜಿ, ಈ ಹುಡುಗಿ, ಹೈಸ್ಕೂಲಿಗೆ ಹೋಗುವ ತಮ್ಮ. ಹತ್ತನೇ ತರಗತಿಯವರೆಗೆ ಅವಳು ನನ್ನ ಶಾಲೆಯಲ್ಲೇ ಓದಿದವಳು. ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಮುಗಿಸಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ನಮ್ಮ ಕಡೆ ಏನಾಗುತ್ತದೋ ಅದೇ ಅವಳಿಗೂ ಆಯಿತು: ಪಿಸಿಎಂಬಿ.

ಅಪ್ಪನ ಲೆಕ್ಕದಲ್ಲಿ ಗೊಂದಲವಿರಲಿಲ್ಲ. ಕೆಸಿಇಟಿ ಬರೆಯುವುದು, ರೈತರ ಕೋಟಾದಲ್ಲಿ ಬಿ.ಎಸ್ಸಿ. ಅಗ್ರಿ ಸೀಟು ಹಿಡಿಯುವುದು, ಆಮೇಲೆ ಸರ್ಕಾರಿ ಕೆಲಸ. ಅದನ್ನು ಹಟ ಎನ್ನಲು ಬರುವುದಿಲ್ಲ. ಗೂಡಿನ ರೇಟು ಒಂದು ವಾರ ಏರಿ ಮರುವಾರ ಬೀಳುವುದನ್ನು ಇಪ್ಪತ್ತು ವರ್ಷ ಕಂಡ ಮನುಷ್ಯ ತಿಂಗಳ ಸಂಬಳವನ್ನು ಬಯಸಿದರೆ ತಪ್ಪೇನು?

ಇಲ್ಲೊಂದು ವಿಷಯ ಹೇಳಬೇಕು. ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕರು ಇರುತ್ತಾರೆ, ಎಲ್ಲ ಕಡೆ ಅಲ್ಲದಿದ್ದರೂ. ಪಿಯು ಕಾಲೇಜಿನಲ್ಲಿ ಸಾಮಾನ್ಯವಾಗಿ ಆ ಹುದ್ದೆಯೇ ಇಲ್ಲ. ಹತ್ತನೆಯವರೆಗೆ ವಾರಕ್ಕೊಂದು ಪೀರಿಯಡ್ಡಾದರೂ ಕೈಯಾಡಿಸುತ್ತಿದ್ದ ಮಗು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಬರೆಯುತ್ತದೆ, ಇಲ್ಲವೇ ಬರೆಯುವುದನ್ನೇ ಬಿಡುತ್ತದೆ. ಬರೆಯುವ ಮಕ್ಕಳಿಗೆ ಗುರು ಯಾರೆಂದರೆ ಮೊಬೈಲು. ಈ ಹುಡುಗಿ ಸೆಕೆಂಡ್ ಪಿಯು ಆಗಸ್ಟಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಾಗ ಅವಳ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಕಂಡದ್ದು ಆ ಗುರುವಿನ ಪಾಠ.

ತೊಡಕು

ಫೋಲ್ಡರಿನ ತುಂಬ ಮುಖಗಳು. ಅಪ್ಪು, ಕುವೆಂಪು, ವಿಶ್ವೇಶ್ವರಯ್ಯ, ಕಲಾಂ, ಮತ್ತೆ ಅಪ್ಪು. 2021ರ ಅಕ್ಟೋಬರ್ ಆದಮೇಲೆ ಪುನೀತ್ ರಾಜ್‌ಕುಮಾರ್ ಅವರನ್ನು ಬರೆಯದ ಚಿತ್ರ ಕಲಿಯುವ ಹುಡುಗ ಹುಡುಗಿಯರನ್ನು ನಾನಂತೂ ನೋಡಿಲ್ಲ. ಎಲ್ಲವೂ ಫೋಟೊದ ಮೇಲೆ ಚೌಕ ಹಾಕಿ, ಹಾಳೆಯ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದೇ ಚೌಕ ತುಂಬಿಸಿದ್ದು. ಶೇಡಿಂಗ್ ನುಣುಪಾಗಿತ್ತು, ಹುಬ್ಬಿನ ಕೂದಲನ್ನು ಎಣಿಸಬಹುದಿತ್ತು. ಕೊನೆಯಲ್ಲಿ ನಾಲ್ಕೈದು ಮಂಡಲ ವಿನ್ಯಾಸಗಳು.

ಕೈ ಪಳಗಿದೆ ಎನ್ನಲು ಇಷ್ಟು ಸಾಕು. ಆದರೆ ಫೋಟೊ ಎದುರಿಗಿಲ್ಲದೆ ಒಂದು ಕುರ್ಚಿ ಬರೆಯಮ್ಮ ಎಂದರೆ ಕುರ್ಚಿಯ ಹಿಂದಿನ ಕಾಲುಗಳು ಮುಂದಿನವುಗಳಿಗಿಂತ ಉದ್ದವಾದವು. ಕಣ್ಣು ಇನ್ನೂ ವಸ್ತುವನ್ನು ಅಳೆದಿರಲಿಲ್ಲ. ಕಲಾ ಕಾಲೇಜಿನ ಪ್ರವೇಶದಲ್ಲಿ ಪರೀಕ್ಷಿಸುವುದು ಇದನ್ನೇ. ಮೈಸೂರಿನ ಕಾವಾ ಇರಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿರಲಿ, ಬರೋಡದ ಫೈನ್ ಆರ್ಟ್ಸ್ ಇರಲಿ, ಕೂರಿಸಿ ಬರೆಸಿ ನೋಡುವುದು ಈ ವಿದ್ಯೆಯ ರೂಢಿ. ಎದುರಿಗಿಟ್ಟ ವಸ್ತು, ನೆನಪಿನಿಂದ ಒಂದು ಸನ್ನಿವೇಶ, ಆಮೇಲೆ ನೀವು ತಂದ ಕೆಲಸಗಳನ್ನು ಹರಡಿಕೊಂಡು ನಾಲ್ಕು ಮಾತು. ಚೌಕದ ವಿದ್ಯೆ ಅಲ್ಲಿ ಕೆಲಸಕ್ಕೆ ಬಾರದು.

ಎರಡನೆಯ ತೊಡಕು ಸಮಯ. ಬೆಳಿಗ್ಗೆ ಬಸ್ಸು, ಸಂಜೆ ಸಿಇಟಿ ಕೋಚಿಂಗ್, ಭಾನುವಾರ ಟೆಸ್ಟು. ಮನೆಗೆ ಬಂದರೆ ಹುಳ. ಹುಳ ಸಾಕುವವರಿಗೆ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ: ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳ ತಂದರೆ ಮನೆಯಲ್ಲಿ ಇನ್ನು ಎರಡೂವರೆ ವಾರದ ಕೆಲಸ. ಅದರಲ್ಲಿ ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಒಂದು ವಾರವಂತೂ ಮನೆಯಲ್ಲಿರುವ ಎಲ್ಲ ಕೈಗಳೂ ಬೇಕು. ಹುಳ ತನ್ನ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ತಿನ್ನುವುದು ಆ ಕೊನೆಯ ಹಂತದಲ್ಲಿ. ಪ್ರಿಪರೇಟರಿ ಪರೀಕ್ಷೆ ಇದೆ ಎಂದು ಅದು ಹಸಿವು ಮುಂದೂಡುವುದಿಲ್ಲ.

ಮೂರನೆಯದು ಅಪ್ಪ. "ಮೇಷ್ಟ್ರೇ, ಬರೀಲಿ, ನಾ ಬ್ಯಾಡ ಅನ್ನಾಕಿಲ್ಲ. ಒಂದು ಸೀಟು ಕೈಲಿರ್ಲಿ, ಆಮೇಲೆ ಎಷ್ಟು ಬೇಕಾದ್ರೂ ಬರ್ಕೊಳ್ಲಿ" ಎಂದರು. ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ ಎಂದು ನನಗೆ ಅನ್ನಿಸಿತು. ಅಲ್ಲೇ ಒಂದು ಒಪ್ಪಂದಕ್ಕೆ ಬಂದೆವು. ಹುಡುಗಿ ಸಿಇಟಿ ಬರೆದೇ ಬರೆಯುತ್ತಾಳೆ. ಮಿಡ್‌ಟರ್ಮ್‌ನಲ್ಲಿ ಯಾವ ವಿಷಯದಲ್ಲಿ ಅಂಕ ಇಳಿದರೂ ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ಬದಲಾಗಿ ಕಲಾ ಕಾಲೇಜಿನ ಅರ್ಜಿಗೆ ಅಪ್ಪ ಅಡ್ಡ ಬರುವುದಿಲ್ಲ. 2024ರಲ್ಲಿ ದ್ವಿತೀಯ ಪಿಯುಸಿಗೆ ಪರೀಕ್ಷೆ 1, 2, 3 ಎಂದು ಮೂರು ಅವಕಾಶ ತಂದದ್ದನ್ನೂ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಮುಖದ ಬಿಗಿ ಸ್ವಲ್ಪ ಸಡಿಲಾಯಿತು.

ಮೊದಲು ಮಾಡಿ ನೋಡಿದ್ದು

ಬೆಂಗಳೂರಿನ ಒಂದು ಕೋಚಿಂಗ್ ಸಂಸ್ಥೆಯ ಜಾಹೀರಾತನ್ನು ಹುಡುಗಿಯೇ ತಂದು ತೋರಿಸಿದಳು. ವಾರಾಂತ್ಯದ ತರಗತಿ, ಜೊತೆಗೆ ಪೋರ್ಟ್‌ಫೋಲಿಯೊ, ಅಂದರೆ ಪ್ರವೇಶಕ್ಕೆ ತೋರಿಸುವ ಚಿತ್ರಗಳ ಕಟ್ಟು, ಸಿದ್ಧಪಡಿಸಿ ಕೊಡುವುದು. ಫೀಸು ಒಂದು ಬೆಳೆಯ ಗೂಡಿನ ಹಣಕ್ಕೆ ಹತ್ತಿರ. ಅಲ್ಲಿ ತಯಾರಾದ ಕೆಲವು ಪೋರ್ಟ್‌ಫೋಲಿಯೊಗಳನ್ನು ನಾನು ನೋಡಿದ್ದೆ. ಮಕ್ಕಳ ಹೆಸರು ಬೇರೆ ಬೇರೆ, ಗಾಜಿನ ಬಾಟಲಿ ಮತ್ತು ಅದರ ಪಕ್ಕ ಮಡಚಿದ ಬಟ್ಟೆ ಮಾತ್ರ ಒಂದೇ. ಒಂದು ಹಾಳೆ ನೋಡಿದರೆ ಚೆನ್ನ, ಹತ್ತು ಮಕ್ಕಳದ್ದು ಒಟ್ಟಿಗೆ ನೋಡುವವರಿಗೆ ಗುಟ್ಟು ಬಯಲಾಗುತ್ತದೆ. ಸಂದರ್ಶನದಲ್ಲಿ ಕೂರುವವರು ಒಟ್ಟಿಗೇ ನೋಡುವವರು. ಬೇಡ ಎಂದೆ. ಹುಡುಗಿಗೆ ಅರೆಮನಸ್ಸು, ಅಪ್ಪನಿಗೆ ಪೂರ್ತಿ ಸಮಾಧಾನ.

ಅದೇ ಹೊತ್ತಿಗೆ ಡಿಸೈನ್ ಕಾಲೇಜುಗಳ ಪ್ರವೇಶ ಪರೀಕ್ಷೆಗಳ ಮಾತೂ ಬಂತು. ಐಐಟಿ ಬಾಂಬೆ ನಡೆಸುವ ಯೂಸೀಡ್, ಎನ್‌ಐಡಿಯ ಡ್ಯಾಟ್. ಎರಡೂ ಬರುವುದು ಡಿಸೆಂಬರ್ ಜನವರಿಯ ಸುತ್ತ, ನಮ್ಮ ಪಿಯು ಪ್ರಿಪರೇಟರಿಯ ಬಾಗಿಲಲ್ಲಿ. ಯೂಸೀಡ್‌ನಲ್ಲಿ ಚಿತ್ರ ಬರೆಯುವುದು ಪಾರ್ಟ್ ಬಿಯಲ್ಲಿ ಮಾತ್ರ. ಪಾರ್ಟ್ ಎ ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ತರ್ಕ, ಆಕಾರ, ಸಾಮಾನ್ಯಜ್ಞಾನದ ಪ್ರಶ್ನೆಪತ್ರಿಕೆ. ಅದಕ್ಕೆ ಬೇರೆಯೇ ತಯಾರಿ ಬೇಕು. ಐಐಟಿ ಎಂಬ ಶಬ್ದ ಕೇಳಿದ ಕೂಡಲೇ ಅಪ್ಪನ ಕಿವಿ ನೆಟ್ಟಗಾಯಿತು, ಅದೊಂದು ಕಟ್ಟಿಬಿಡೋಣ ಎಂದರು. ಎರಡು ದೋಣಿಯಲ್ಲಿ ಕಾಲಿಟ್ಟಿರುವ ಹುಡುಗಿಗೆ ಮೂರನೆಯದನ್ನು ತೋರಿಸಬೇಡಿ ಎಂದೆ. ಅರ್ಜಿ ಹಾಕಲಿಲ್ಲ. ಇದು ಎಲ್ಲರಿಗೂ ಸರಿಯೆಂದು ಹೇಳಲಾರೆ. ಗಣಿತ ತರ್ಕದಲ್ಲಿ ಚುರುಕಾದ, ಮನೆಯಲ್ಲಿ ಕೆಲಸವಿಲ್ಲದ ಮಗುವಾದರೆ ಬರೆಯಲಿ ಎನ್ನುತ್ತಿದ್ದೆ.

ಚೌಕ ಬಿಡು, ಕಂಡದ್ದನ್ನು ಬರಿ, ನಿನ್ನ ಊರನ್ನು ಬರಿ ಎಂದು ಕಳಿಸಿದ ಮೊದಲ ತಿಂಗಳು ಬಂದದ್ದು ಇನ್ನೂ ತಮಾಷೆ. ಎರಡು ಗುಡ್ಡದ ನಡುವೆ ಸೂರ್ಯ, ತಲೆಯ ಮೇಲೆ ಬಿಂದಿಗೆ ಹೊತ್ತ ಹೆಂಗಸು, ಎತ್ತಿನ ಗಾಡಿ. ಅವಳ ಮನೆಯಲ್ಲಿ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಸೊಪ್ಪು ಬರುವುದು ಟಿವಿಎಸ್ ಎಕ್ಸೆಲ್ ಮೇಲೆ, ನೀರು ಬರುವುದು ಬೋರಿನಿಂದ. ಮೊಬೈಲಿನ ಫೋಟೊ ಬಿಟ್ಟು ಕ್ಯಾಲೆಂಡರಿನ ಚಿತ್ರ ಹಿಡಿದಿದ್ದಳು, ಅಷ್ಟೇ ವ್ಯತ್ಯಾಸ. ನಮ್ಮ ಮಕ್ಕಳಿಗೆ "ಹಳ್ಳಿ ಬರಿ" ಎಂದರೆ ಇದು ಬಂದೇ ಬರುತ್ತದೆ. ಆದ್ದರಿಂದ ಈಗ ನಾನು ವಿಷಯ ಕೊಡುವುದಿಲ್ಲ, ಕೂರುವ ಜಾಗ ಕೊಡುತ್ತೇನೆ. ಬಾಗಿಲ ಪಕ್ಕ ಕೂತು, ಅಲ್ಲಿಂದ ಏಳದೆ, ಎದುರಿಗೆ ಏನಿದೆಯೋ ಅದು.

ವೇಳಾಪಟ್ಟಿಯೂ ಮೊದಲ ಸಲ ನೆಲಕಚ್ಚಿತು. ಭಾನುವಾರ ಇಡೀ ದಿನ ಚಿತ್ರ ಎಂದು ಗೋಡೆಗೆ ಅಂಟಿಸಿಕೊಂಡಿದ್ದಳು. ಒಂದು ಭಾನುವಾರ ಟೆಸ್ಟು, ಒಂದು ಭಾನುವಾರ ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳವನ್ನು ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರ ತಟ್ಟಿ) ಬಿಡುವ ಕೆಲಸ, ಒಂದು ಭಾನುವಾರ ನೆಂಟರ ಮನೆಯ ಗೃಹಪ್ರವೇಶ. ಸೆಪ್ಟೆಂಬರ್ ಕಳೆದದ್ದೇ ತಿಳಿಯಲಿಲ್ಲ.

ಹುಳದ ಲೆಕ್ಕದ ವೇಳಾಪಟ್ಟಿ

ತಿರುವು ಬಂದದ್ದು ಹುಡುಗಿಯ ಒಂದು ಮಾತಿನಿಂದ. ಯಾವಾಗ ಬಿಡುವು ನಿನಗೆ ಎಂದು ಕೇಳಿದ್ದಕ್ಕೆ "ಜ್ವರ ಬಂದಾಗ ಸರ್" ಎಂದಳು.

ಹುಳ ಪೊರೆ ಕಳಚುವ ಸ್ಥಿತಿಯನ್ನು ಜ್ವರ ಎನ್ನುವುದು. ಸುಮಾರು ಒಂದು ದಿನ ಅದು ಸೊಪ್ಪು ಮುಟ್ಟುವುದಿಲ್ಲ. ಮೈಯ ಮುಂಭಾಗ ಮೇಲೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಮೇಲೆ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟು ಮನೆಯವರು ಹೊರಗೆ ಬರುತ್ತಾರೆ. ಮಿಕ್ಕ ದಿನ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಮನೆಗೆ ಅದೊಂದು ರಜೆ. ಪ್ರತಿ ಬೆಳೆಗೆ ಮನೆಯಲ್ಲಿ ಇಂಥ ಎರಡು ರಜೆ ಸಿಗುತ್ತದೆ, ಯಾವ ದಿನ ಎಂಬುದೂ ಮೊದಲೇ ಗೊತ್ತಿರುತ್ತದೆ. ವಾರದ ಲೆಕ್ಕ ಹರಿದು ಹಾಕಿ ಹುಳದ ಲೆಕ್ಕ ಹಿಡಿದೆವು. ಜ್ವರದ ದಿನ ದೊಡ್ಡ ಹಾಳೆ, ಅರ್ಧ ಇಂಪೀರಿಯಲ್ ಅಳತೆಯ ಕಾರ್ಟ್ರಿಜ್ ಕಾಗದ, ಎರಡು ಮೂರು ಗಂಟೆಯ ಕೆಲಸ. ಉಳಿದ ದಿನ ರಾತ್ರಿ ಸೊಪ್ಪು ಹಾಕಿದ ಮೇಲೆ ಇಪ್ಪತ್ತು ನಿಮಿಷ, ಸಣ್ಣ ಪುಸ್ತಕ, ಬಾಲ್ ಪೆನ್, ರಬ್ಬರ್ ಇಲ್ಲ, ಮೂಲೆಯಲ್ಲಿ ತಾರೀಖು. ಕೊನೆಯ ಹಂತದ ಆ ಒಂದು ವಾರ ಏನೂ ಇಲ್ಲ, ಆ ವಾರ ಬರೆಯಲಿಲ್ಲವೆಂದು ಬೇಸರವೂ ಇಲ್ಲ.

ಬಾಲ್ ಪೆನ್ ಹಿಡಿಸಿದ್ದು ಬೇಕೆಂದೇ. ಅಳಿಸಲು ಆಗದಿದ್ದರೆ ಗೆರೆ ಎಳೆಯುವ ಮುಂಚೆ ಕಣ್ಣು ಒಂದು ಸಲ ಹೆಚ್ಚು ನೋಡುತ್ತದೆ. ಮೊದಲ ಪುಟಗಳು ಕೆಟ್ಟದಾಗಿದ್ದವು. ಹುಳ ಎಂದರೆ ಬಿಳಿ ಕಡಲೆಕಾಯಿಯ ಹಾಗೆ ಕಾಣುತ್ತಿತ್ತು. ಜ್ವರದಲ್ಲಿ ನಿಂತ ಹುಳ ಒಂದು ಲೆಕ್ಕದಲ್ಲಿ ಒಳ್ಳೆಯ ಮಾಡೆಲ್, ಕದಲುವುದಿಲ್ಲ. ನವೆಂಬರ್ ಹೊತ್ತಿಗೆ ತಲೆಯ ಹಿಂದಿನ ಸುಕ್ಕು, ಬಾಲದ ಕಡೆಯ ಕೊಂಬು, ಪಕ್ಕದ ಉಸಿರುರಂಧ್ರಗಳ ಸಾಲು ತಾವಾಗಿಯೇ ಜಾಗಕ್ಕೆ ಬಂದಿದ್ದವು.

ಇನ್ನೊಂದು ವಸ್ತು ಚಂದ್ರಿಕೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಗೋಡೆಗೆ ಒರಗಿಸಿದರೆ ಒಂದು ರೂಪ, ಮಲಗಿಸಿದರೆ ಸುರುಳಿಗಳೆಲ್ಲ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತವೆ, ಬಿಸಿಲಲ್ಲಿ ನಿಲ್ಲಿಸಿದರೆ ನೆರಳೇ ಬೇರೆ ಚಿತ್ರ. ಪರ್ಸ್‌ಪೆಕ್ಟಿವ್ ಎಂದು ನಾನು ಹೈಸ್ಕೂಲಿನಲ್ಲಿ ಹಲಗೆಯ ಮೇಲೆ ಎಷ್ಟು ರೈಲುಹಳಿ ಎಳೆದಿದ್ದರೂ ಹತ್ತದ್ದು ಇಲ್ಲಿ ಹತ್ತಿತು. ಒಂದೇ ಚಂದ್ರಿಕೆಯನ್ನು ಅವಳು ಮತ್ತೆ ಮತ್ತೆ ಬರೆದಳು. ಬೇರೆ ಏನಾದರೂ ಬರಿ ಎಂದು ನಾನು ಹೇಳಲಿಲ್ಲ.

ಇದ್ದಿಲಿನ ವಿಷಯದಲ್ಲಿ ಮಾತ್ರ ಜಗಳವಾಯಿತು. ಚಾರ್ಕೋಲ್ ಚಿತ್ರ ಕದಡದಂತೆ ಫಿಕ್ಸೆಟಿವ್ ಹೊಡೆಯುತ್ತೇವೆ. ದುಡ್ಡಿಲ್ಲದವರು ಹೇರ್ ಸ್ಪ್ರೇ ಹೊಡೆಯುವುದೂ ಉಂಟು. ಹುಳ ಇರುವ ಮನೆಯಲ್ಲಿ ಅದು ಆಗದ ಮಾತು. ಘಾಟು ಎಂದರೆ ಹುಳ ಸಾಕುವವರಿಗೆ ಜೀವಭಯ, ಪಕ್ಕದ ಹೊಲದವರು ಔಷಧಿ ಹೊಡೆದರೂ ಕಿಟಕಿ ಮುಚ್ಚುವ ಜನ. "ಆ ಡಬ್ಬಿ ಒಳಕ್ಕೆ ತಂದ್ರೆ ನಿನ್ನೂ ಸೇರಿಸಿ ಆಚೆ ಹಾಕ್ತೀನಿ ಕಣವ್ವ" ಎಂದರಂತೆ ಅಮ್ಮ. ನ್ಯಾಯವೇ. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ರಟ್ಟಿನೊಳಗೆ ಮಲಗಿಸಿ ಕಟ್ಟಿಟ್ಟೆವು. ಅದಕ್ಕೂ ಮುಂಚೆ ನ್ಯೂಸ್‌ಪೇಪರ್ ಇಟ್ಟು ಎರಡು ಹಾಳೆ ಹಾಳಾಗಿದ್ದವು. ಅಮ್ಮನ ಕೈಯ ಚಿತ್ರದ ಮೇಲೆ ಒಂದು ಟೆಂಡರ್ ಪ್ರಕಟಣೆಯ ಮಸಿ ತಿರುಗುಮುರುಗಾಗಿ ಹತ್ತಿಕೊಂಡಿತ್ತು.

ದಸರಾ ರಜೆಯಲ್ಲಿ ಅವಳು ಮೈಸೂರಿಗೆ ನೆಂಟರ ಮನೆಗೆ ಹೋದಾಗ ಜಗನ್ಮೋಹನ ಅರಮನೆಯ ಗ್ಯಾಲರಿ ನೋಡಿ ಬಾ ಎಂದಿದ್ದೆ. ಹಳದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಅದು ತೈಲವರ್ಣವಲ್ಲ, ಜಲವರ್ಣ ಎಂದು ಗೊತ್ತಾದಾಗ ನಂಬಲಿಲ್ಲವಂತೆ. ಬಂದ ಮೇಲೆ ರಾತ್ರಿಯ ಚಿತ್ರಗಳಲ್ಲಿ ಒಂದು ಬದಲಾವಣೆ ಕಂಡೆ. ಹುಳುಮನೆಯ ಒಂಟಿ ಬಲ್ಬು ಎಲ್ಲಿದೆ, ಬೆಳಕು ಯಾರ ಯಾವ ಕೆನ್ನೆಗೆ ಬೀಳುತ್ತಿದೆ ಎಂದು ಅವಳು ಮೊದಲು ಗುರುತು ಹಾಕಿಕೊಳ್ಳತೊಡಗಿದ್ದಳು. ಮಕ್ಕಳಿಗೆ ಮೂಲಚಿತ್ರ ತೋರಿಸದೆ ಮೊಬೈಲಿನಲ್ಲೇ ಕಲಾ ಇತಿಹಾಸ ಮುಗಿಸುವ ನಮ್ಮಂಥವರು ಇದನ್ನು ಗಮನಿಸಬೇಕು.

ಜನವರಿಯಲ್ಲಿ ನಿಲ್ಲಿಸಿದ್ದು

ಮಿಡ್‌ಟರ್ಮ್‌ನಲ್ಲಿ ಭೌತಶಾಸ್ತ್ರ ಸ್ವಲ್ಪ ಜಾರಿತು, ಜೀವಶಾಸ್ತ್ರ ಏರಿತು. ಅಪ್ಪ ಎರಡನ್ನೂ ಕೂಡಿಸಿ ಸರಿ ಎಂದರು. ಜನವರಿಯಲ್ಲಿ ಪ್ರಿಪರೇಟರಿ, ಅದರ ಬೆನ್ನಿಗೇ ಪ್ರಾಕ್ಟಿಕಲ್ಸ್, ಮಾರ್ಚಿನಲ್ಲಿ ಪರೀಕ್ಷೆ. ಹೊಸ ವರ್ಷದ ಮೊದಲ ವಾರವೇ ರಟ್ಟನ್ನು ಕಟ್ಟಿ ನನ್ನ ಮನೆಯ ಅಟ್ಟಕ್ಕೆ ಹಾಕಿದೆ. ಚಿತ್ರಸಂತೆಗೆ ಹೋಗೋಣವೇ ಸರ್ ಎಂದು ಕೇಳಿದಳು, ಮುಂದಿನ ವರ್ಷ ಎಂದೆ.

ಈ ನಿಲುಗಡೆಯ ಬಗ್ಗೆ ನನ್ನ ಸಹೋದ್ಯೋಗಿಯೊಬ್ಬರಿಗೆ ಭಿನ್ನಾಭಿಪ್ರಾಯವಿದೆ. ಕೈ ಬಿಟ್ಟರೆ ಕೈ ಜಡ್ಡುಗಟ್ಟುತ್ತದೆ ಎನ್ನುತ್ತಾರೆ. ಗಾಯಕರಿಗೆ ಅದು ನಿಜವಿರಬಹುದು. ಹದಿನೇಳರ ಹುಡುಗಿಗೆ ಎರಡೂ ಕಡೆ ಅಪರಾಧಿಭಾವ ಹೊತ್ತು ಓದುವುದಕ್ಕಿಂತ ಒಂದು ಕಡೆಯ ಬಾಗಿಲು ಪೂರ್ತಿ ಮುಚ್ಚುವುದು ವಾಸಿ ಎಂದು ನನ್ನ ಲೆಕ್ಕ. ಸಣ್ಣ ಪುಸ್ತಕವನ್ನು ಮಾತ್ರ ಅವಳ ಹತ್ತಿರವೇ ಬಿಟ್ಟೆ. ಅದರಲ್ಲಿ ಫೆಬ್ರವರಿ ತಾರೀಖಿನ ಕೆಲವು ಪುಟಗಳಿವೆ, ಕಾಲೇಜು ಬಸ್ಸಿನಲ್ಲಿ ಮುಂದಿನ ಸೀಟಿನವರ ತಲೆಗಳು, ತೂಕಡಿಸಿ ಕಿಟಕಿಗೆ ತಾಗಿದ ಹಣೆಗಳು. ನಾನು ಹೇಳಿ ಬರೆಸಿದ್ದಲ್ಲ.

ಆಯ್ಕೆ

ಏಪ್ರಿಲಿನಲ್ಲಿ ಸಿಇಟಿ ಮುಗಿಯಿತು. ಬೆಳೆ ತೆಗೆದು ಹುಳುಮನೆ ತೊಳೆದು ಬ್ಲೀಚಿಂಗ್ ಹೊಡೆದು ಖಾಲಿ ಬಿಟ್ಟಿದ್ದ ದಿನ ನೋಡಿಕೊಂಡು, ಅಲ್ಲೇ ನೆಲದ ಮೇಲೆ ಎಲ್ಲ ಹಾಳೆ ಹರಡಿದೆವು. ಈ ಪ್ರಕರಣದಲ್ಲಿ ಅತ್ಯಂತ ಕಷ್ಟದ ಕೆಲಸ ಬರೆಯುವುದಾಗಿರಲಿಲ್ಲ, ಅಂದು ಮಾಡಿದ್ದಾಗಿತ್ತು.

ಮೊದಲ ಸುತ್ತು ಅವಳೇ ಆರಿಸಿದಳು. ಅವಳು ಎತ್ತಿಟ್ಟದ್ದೆಲ್ಲ ಪೂರ್ತಿ ಮುಗಿದ, ಅಂಚಿನವರೆಗೆ ಶೇಡ್ ತುಂಬಿದ ಹಾಳೆಗಳು. ಕೆಳಗೆ ಉಳಿದದ್ದರಲ್ಲಿ ಅಮ್ಮ ಹಣ್ಣು ಹುಳ ಆರಿಸುತ್ತಿರುವ ಒಂದು ಹಾಳೆ ಇತ್ತು. ಮುಖ ಇಲ್ಲ, ಎರಡು ಕೈ ಮಾತ್ರ, ಒಂದು ಕೈಯನ್ನು ಮೂರು ಸಲ ತಿದ್ದಿ ಮೂರು ಗೆರೆಯೂ ಹಾಗೇ ಇತ್ತು. ಬೆರಳು ಹುಳವನ್ನು ಹಿಡಿಯುವ ರೀತಿ, ಅದುಮಬಾರದು, ಜಾರಲೂ ಬಾರದು, ಆ ಹಗುರ ಆ ಮೂರು ಗೆರೆಗಳ ನಡುವೆ ಎಲ್ಲೋ ಸಿಕ್ಕಿತ್ತು. ಇದು ಯಾಕಿಲ್ಲ ಎಂದರೆ "ಮುಗಿದಿಲ್ಲ ಸರ್" ಎಂದಳು. ಅದು ಒಳಗೆ ಬಂತು. ಅಂಥ ಇನ್ನೂ ಮೂರು ನಾಲ್ಕು ಬಂದವು.

ಎರಡನೇ ಸುತ್ತಿಗೆ ಅಪ್ಪ ಬಂದು ನಿಂತರು. ಅವರಿಗೆ ಅಪ್ಪು ಚಿತ್ರ ಬೇಕೇ ಬೇಕು. ಊರಿನಲ್ಲಿ ಹೆಸರು ತಂದದ್ದು ಅದು, ಗ್ರಾಮ ಪಂಚಾಯ್ತಿಯಲ್ಲಿ ಹಾರ ಹಾಕಿಟ್ಟ ಪ್ರತಿ ಅವಳು ಬರೆದದ್ದೇ. ಮತ್ತೊಂದು ಹಾಳೆಯನ್ನು ಅವರು ಕಾಲಿನಿಂದಲೇ ಆಚೆ ಸರಿಸಿದರು: ರಾತ್ರಿ ಸೊಪ್ಪಿನ ಪಾಳಿಯ ಮಧ್ಯೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋದ ಅವರದೇ ಚಿತ್ರ. ಅಪ್ಪು ಇರಲಿ, ಅಪ್ಪ ಬೇಡ ಎಂಬುದು ಅವರ ತೀರ್ಪು. ನನ್ನದು ನೇರ ಉಲ್ಟಾ. "ಅಪ್ಪೂನೇ ಬ್ಯಾಡ್ವಾ ನಿಮ್ಗೆ?" ಎಂದು ಅವರು ಕೇಳಿದ ಧಾಟಿಯಲ್ಲಿ ನಾನು ಊರಿಗೇ ದ್ರೋಹ ಮಾಡಿದ ಹಾಗಿತ್ತು.

ತೀರ್ಮಾನ ಹುಡುಗಿಗೆ ಬಿಟ್ಟೆವು. ಫೋಟೊ ನೋಡಿ ಬರೆದದ್ದು ಒಂದೂ ಬೇಡ ಎಂದಳು. ನಿದ್ದೆಯ ಚಿತ್ರ ಇರಲಿ ಎಂದಳು. ಅಪ್ಪ ಎದ್ದು ತೋಟಕ್ಕೆ ಹೋದರು. ಸಂಜೆ ಬಂದು, ಆ ಚಿತ್ರದಲ್ಲಿ ಲುಂಗಿ ಸ್ವಲ್ಪ ಸರಿಮಾಡು ಎಂದರಂತೆ.

ಜೀವಶಾಸ್ತ್ರದ ರೆಕಾರ್ಡ್ ಪುಸ್ತಕವನ್ನೂ ತೆರೆದು ನೋಡಿದೆವು. ಪಠ್ಯಪುಸ್ತಕದಿಂದ ಇಳಿಸಿದ ಚಿತ್ರಗಳು ಅಚ್ಚುಕಟ್ಟಾಗಿದ್ದರೂ ಅಪ್ಪುವಿನ ದಾರಿಯಲ್ಲೇ ಹೊರಗೆ ಹೋದವು. ದಾಸವಾಳವನ್ನು ಸೀಳಿ, ನೋಡಿ ಬರೆದಿದ್ದ ಒಂದು ಪುಟ ಮಾತ್ರ ಉಳಿಯಿತು. ಕೊನೆಗೆ ಹದಿನಾರು ಹಾಳೆ, ಜೊತೆಗೆ ಆ ಸಣ್ಣ ಪುಸ್ತಕ. ಚಂದ್ರಿಕೆಯ ನಾಲ್ಕು ಹಾಳೆಗಳನ್ನು ಬಿಡಿಬಿಡಿಯಾಗಿ ಹಂಚದೆ ಒಟ್ಟಿಗೆ, ತಾರೀಖಿನ ಕ್ರಮದಲ್ಲಿ ಇಟ್ಟೆವು. ಮೊದಲನೆಯದು ಸೊಟ್ಟಗಿತ್ತು, ಅದನ್ನೂ ತೆಗೆಯಲಿಲ್ಲ.

ಒಂದು ಕಾಲೇಜಿಗೆ ಪಿಡಿಎಫ್ ಕಳಿಸಬೇಕಿತ್ತು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊಗಳಲ್ಲಿ ಕಾಗದ ಕಾಮಾಲೆ ಹಿಡಿದಂತೆ ಹಳದಿ, ಜೊತೆಗೆ ಫೋನ್ ಹಿಡಿದವಳ ನೆರಳು. ಬೆಳಿಗ್ಗೆ ಜಗುಲಿಯ ನೆರಳಲ್ಲಿ, ಹಾಳೆಯನ್ನು ಗೋಡೆಗೆ ನೆಟ್ಟಗೆ ಅಂಟಿಸಿ, ಎದುರಿನಿಂದ ಮತ್ತೆ ತೆಗೆದೆವು. ಸೈಬರ್ ಸೆಂಟರಿನವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದ್ದರಿಂದ ಬಾಲ್ ಪೆನ್ನಿನ ಗೆರೆಗಳು ಮಸುಕಾಗಿ, ಡಾಕ್ಯುಮೆಂಟ್ ಮಾಡಿ ಮತ್ತೊಮ್ಮೆ ಕಳಿಸಬೇಕಾಯಿತು.

ಆದದ್ದು

ಎರಡು ಕಡೆ ಪ್ರವೇಶ ಪರೀಕ್ಷೆಗೆ ಕೂತಳು. ಬರೋಡ ದೂರವೆಂದು ಮನೆಯಲ್ಲಿ ಒಪ್ಪಲಿಲ್ಲ, ಅದರ ಬಗ್ಗೆ ನಾನೂ ಒತ್ತಾಯಿಸಲಿಲ್ಲ.

ಮೊದಲನೆಯ ಕಾಲೇಜಿನಲ್ಲಿ ವಸ್ತುಚಿತ್ರ ಚೆನ್ನಾಗಿಯೇ ಆಯಿತು. ಸಂದರ್ಶನದಲ್ಲಿ ಒಬ್ಬರು ಹಾಳೆಗಳನ್ನು ತಿರುವಿ "ಬಣ್ಣ ಎಲ್ಲಮ್ಮ?" ಎಂದು ಕೇಳಿದರಂತೆ. ಹದಿನಾರರಲ್ಲಿ ಬಣ್ಣದ್ದು ಎರಡೇ, ಅವೂ ಪೋಸ್ಟರ್ ಕಲರಿನವು, ಅಂಜಿ ಅಂಜಿ ಹಚ್ಚಿದ್ದು. ಹೇಳಲು ಅವಳ ಹತ್ತಿರ ಉತ್ತರವಿರಲಿಲ್ಲ. ಅಲ್ಲಿ ವೇಟಿಂಗ್ ಲಿಸ್ಟು. ಇಪ್ಪತ್ತು ನಿಮಿಷದ ಬಾಲ್ ಪೆನ್ ಪದ್ಧತಿಗೆ ನಾವು ತೆತ್ತ ಬೆಲೆ ಅದು. ಗೆರೆ ಬಂತು, ಬಣ್ಣಕ್ಕೆ ಹೊತ್ತು ಉಳಿಯಲಿಲ್ಲ.

ಎರಡನೆಯ ಕಡೆ ನೆನಪಿನಿಂದ ಬರೆಯಲು ಕೊಟ್ಟ ವಿಷಯ ಬಸ್ ನಿಲ್ದಾಣ. ಫೆಬ್ರವರಿಯ ತಲೆಗಳೂ ಹಣೆಗಳೂ ಕೈಯಲ್ಲೇ ಇದ್ದವು. ಸಂದರ್ಶನದಲ್ಲಿ ಚಂದ್ರಿಕೆಯ ನಾಲ್ಕು ಹಾಳೆಗಳ ಮೇಲೆ ಮಾತು ನಿಂತಿತು. ಮೊದಲನೆಯದು ಸರಿಯಿಲ್ಲವಲ್ಲ, ಯಾಕೆ ತಂದೆ ಎಂದು ಕೇಳಿದ್ದಕ್ಕೆ, ನಾಲ್ಕನೆಯದು ಅದರಿಂದಲೇ ಬಂದದ್ದು ಸರ್ ಎಂದಳಂತೆ. ಸುರುಳಿಯೊಳಗೆ ಹುಳ ಎಲ್ಲಿಂದ ನೂಲು ಶುರುಮಾಡುತ್ತದೆ ಎಂದು ಒಬ್ಬರು ಕೇಳಿದರು, ಚಿತ್ರದ ಮಾತು ಹುಳದ ಕಡೆಗೆ ಹೊರಳಿತು. ಮೂಲಚಿತ್ರ ಯಾವುದು ನೋಡಿದ್ದೀಯ ಎಂಬ ಪ್ರಶ್ನೆಯೂ ಬಂತು, ಜಗನ್ಮೋಹನದ್ದು ಹೇಳಿದಳು. ಮೊದಲ ಪಟ್ಟಿಯಲ್ಲೇ ಸೀಟು ಬಂತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಪಿಯು ಅಂಕ ಪರವಾಗಿಲ್ಲ, ಸಿಇಟಿಯಲ್ಲಿ ಅಗ್ರಿ ರ‍್ಯಾಂಕು ಅತ್ತ ಅಲ್ಲ ಇತ್ತ ಅಲ್ಲ ಎನ್ನುವ ಜಾಗದಲ್ಲಿ ಬಂದು ನಿಂತಿತು. ಸೀಟು ಹಂಚಿಕೆ ಆಗುವವರೆಗೆ ಹೇಳಲು ಬರುವಂತಿರಲಿಲ್ಲ. ಕಲಾ ಕಾಲೇಜಿನ ಫೀಸು ಕಟ್ಟಲು ಕೊನೆಯ ದಿನ ಅದಕ್ಕಿಂತ ಮೊದಲು. ಒಪ್ಪಂದದಲ್ಲಿ ಈ ಸಂದರ್ಭವನ್ನು ಯಾರೂ ಯೋಚಿಸಿರಲಿಲ್ಲ. ಅಪ್ಪ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಗೂಡು ಹಾಕಿ ಬಂದ ದುಡ್ಡಿನಲ್ಲಿ ಫೀಸು ಕಟ್ಟಿ, ರಸೀದಿಯನ್ನು ನನ್ನ ಮನೆಗೇ ತಂದು ತೋರಿಸಿದರು. ಯಾಕೆ ಕಟ್ಟಿದಿರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆಮೇಲೆ ಹುಡುಗಿಯ ಬಾಯಲ್ಲಿ ತಿಳಿದದ್ದು: ಸಂದರ್ಶನದ ದಿನ ಹೊರಗೆ ಕಾಯುತ್ತಿದ್ದಾಗ ಬೇರೆ ತಂದೆತಾಯಿಗಳಿಗೆ ಆ ನಿದ್ದೆಯ ಚಿತ್ರವನ್ನು ಫೋನಿನಲ್ಲಿ ಅವರೇ ತೋರಿಸುತ್ತಿದ್ದರಂತೆ.

ಇದರಿಂದ ನಾನು ಬದಲಿಸಿಕೊಂಡದ್ದು

ಈಗ ಬರುವ ಮಕ್ಕಳನ್ನು ಮೊದಲು ಕೇಳುವುದು ಕೆಲಸ ತೋರಿಸು ಎಂದಲ್ಲ, ಮನೆಯಲ್ಲಿ ಯಾವ ಹೊತ್ತು ಖಾಲಿ ಎಂದು. ಹೋಟೆಲಿನವರ ಮಗನಿಗೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ಹೂವಿನ ವ್ಯಾಪಾರದವರ ಮಗಳಿಗೆ ಮಂಗಳವಾರ ಸಂಜೆ. ಆ ಖಾಲಿ ಹೊತ್ತಿನಲ್ಲಿ ಎದುರಿಗೆ ಇರುವುದೇ ವಿಷಯವಾಗುತ್ತದೆ. ವಿಷಯ ಹುಡುಕಲು ಬೇರೆ ಸಮಯ ಬೇಡ.

ಬಣ್ಣಕ್ಕೆ ಅಕ್ಟೋಬರಿನಲ್ಲೇ ಜಾಗ ಮಾಡುತ್ತೇನೆ. ದೊಡ್ಡ ಚಿತ್ರವಲ್ಲ, ಅಂಗೈಯಗಲದ ಕಾಗದ, ಮೂರೇ ಬಣ್ಣ. ಆಯ್ಕೆಯ ದಿನಕ್ಕೆ ಮನೆಯವರನ್ನು ಕರೆದೇ ಕರೆಯುತ್ತೇನೆ. ಜಗಳವಾಗುತ್ತದೆ, ಆಗಲಿ. ಚಿತ್ರ ಯಾಕೆ ಒಳಗೆ ಬಂತು, ಯಾಕೆ ಹೊರಗೆ ಹೋಯಿತು ಎಂದು ಮಗು ಅಪ್ಪ ಅಮ್ಮನಿಗೆ ವಿವರಿಸಬಲ್ಲುದಾದರೆ ಸಂದರ್ಶನದ ಅರ್ಧ ತಯಾರಿ ಅಲ್ಲೇ ಆಗಿರುತ್ತದೆ. ಸಿಇಟಿಯ ಜೊತೆ ಕಲಾ ಕಾಲೇಜನ್ನೂ ಹಿಡಿಯುವ ಮನೆಗಳಲ್ಲಿ ಫೀಸಿನ ಕೊನೆಯ ದಿನ ಮತ್ತು ಸೀಟು ಹಂಚಿಕೆಯ ದಿನ ಹಿಂದುಮುಂದಾದರೆ ಏನು ಮಾಡುತ್ತೀರಿ ಎಂದು ಆಗಸ್ಟಿನಲ್ಲೇ ಕೇಳಿ ಉತ್ತರ ಬರೆಸಿಕೊಳ್ಳುತ್ತೇನೆ.

ಹುಡುಗಿ ಈಗ ಫೌಂಡೇಶನ್ ವರ್ಷದ ಕೊನೆಯಲ್ಲಿದ್ದಾಳೆ. ಬಣ್ಣದ ತರಗತಿಯಲ್ಲಿ ಒದ್ದಾಡುತ್ತಿದ್ದಾಳೆ, ಗೆರೆಯಲ್ಲಿ ಮುಂದಿದ್ದಾಳೆ. ಮುಂದಿನ ವರ್ಷಕ್ಕೆ ವಿಭಾಗ ಆರಿಸಿಕೊಳ್ಳಬೇಕು. ಅವಳ ಮನಸ್ಸು ಅಚ್ಚು ಮಾಡಿ ಚಿತ್ರ ಒತ್ತುವ ಪ್ರಿಂಟ್‌ಮೇಕಿಂಗ್ ಕಡೆ. ಅಪ್ಪ ನನಗೆ ಫೋನ್ ಮಾಡಿ ಯಾವುದಕ್ಕೆ ಸಂಬಳ ಜಾಸ್ತಿ ಎಂದು ಕೇಳಿದರು. ಅಪ್ಲೈಡ್ ಆರ್ಟ್ ಆದರೆ ಜಾಹೀರಾತು, ಪ್ಯಾಕೇಜಿಂಗ್ ಎಂದು ಕೆಲಸ ಬೇಗ ಸಿಗುತ್ತದೆ, ಪ್ರಿಂಟ್‌ಮೇಕಿಂಗ್ ಆದರೆ ಅಷ್ಟು ಸುಲಭವಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಂದೆ ಮಗಳ ಮಾತುಕತೆ ಇನ್ನೂ ನಡೆಯುತ್ತಿದೆ. ಅರ್ಜಿ ಕೊಡಲು ಈ ತಿಂಗಳ ಕೊನೆಯವರೆಗೆ ಸಮಯವಿದೆ.